ಹೊಲಿಗೆಗೆ ಬಿಟ್ಟ ಬಟ್ಟೆ

ಪ್ಯಾಂಟಿಗೆ ಸೊಂಟ, ತೊಡೆ, ಉದ್ದ ಇದ್ದರೆ ಸಾಕು.
ಆರು ವರ್ಷ ಕೌಲ್‌ಬಜಾರಿನ ತಗಡಿನ ಶೆಡ್ಡಿನಲ್ಲಿ
ದಿನಕ್ಕೆ ನಲವತ್ತು ಜೊತೆ ಕಾಲು ಜೋಡಿಸಿದವಳು ನಾನು,
ಎದೆಯ ಅಳತೆ ಬರೆದುಕೊಂಡಿದ್ದಿಲ್ಲ, ಯಾರದ್ದೂ.

ಮೊದಲು ಅದು ಗೋಲಿಯಷ್ಟಿತ್ತು.
ಮುಟ್ಟಿದರೆ ಜಾರುತ್ತಿತ್ತು, ಬಾಬಿನ್ ಕೈತಪ್ಪಿ
ಮೆಷೀನಿನಡಿ ಉರುಳಿದ ಹಾಗೆ.
ನೋವಿಲ್ಲ. ನೋಯದ್ದನ್ನು ಯಾರಿಗೆ ಹೇಳುವುದು?
ಅವ್ವ ಅಂದಳು, "ವಯಸ್ಸಿನ ಮೈ, ಗಂಟು ಕಟ್ಟತೈತೆ, ಕರಗತೈತೆ."
ಕ್ಲಿನಿಕ್ಕಿನವರು ಅಂದದ್ದೂ ಹೆಚ್ಚುಕಡಿಮೆ ಅದೇ:
ಇಪ್ಪತ್ತೆರಡಕ್ಕೆ ಇಂಥವು ಮಾಮೂಲಿ.
ಚೀಟಿಯಲ್ಲಿ ಎರಡು ವಿಟಮಿನ್ ಗುಳಿಗೆ.

ಪೀರಲ ಹಬ್ಬಕ್ಕೆ ಗೋಲಿ.
ದೀಪಾವಳಿ ಆರ್ಡರು ಬರುವಷ್ಟರಲ್ಲಿ ನಿಂಬೆ.
ಆರ್ಡರು ಲಾರಿಗೇರುವಷ್ಟರಲ್ಲಿ
ರವಿಕೆಯ ಹುಕ್ಕು ಕೂರಲಿಲ್ಲ.
ದಾರ ಕತ್ತರಿಸುವ ರಾಜಮಾಬೀ ಕಂಡಳು,
ನಮ್ಮದು ಅಳತೆಯ ಕಣ್ಣಲ್ಲವೇ,
ಅರ್ಧ ದಿನದ ಕೂಲಿ ಬಿಟ್ಟು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು.

ಜೆಲ್ಲಿ ಹಚ್ಚಿ ನೋಡಿದರು. ಗನ್ನಿನಂಥ ಸೂಜಿ ಚುಚ್ಚಿ
ದಾರದೆಳೆಯಷ್ಟು ನನ್ನನ್ನು ತೆಗೆದರು.
ಹದಿನೆಂಟನೇ ನಂಬರಿನ ಸೂಜಿ ಬೆರಳಲ್ಲೇ ಮುರಿಸಿಕೊಂಡವಳು,
ಅದಕ್ಕೆ ಹೆದರಲಿಲ್ಲ.
ಹೆದರಿದ್ದು ಹತ್ತು ದಿನ ರಿಪೋರ್ಟು ಬಾರದ್ದಕ್ಕೆ.

ಹನ್ನೊಂದನೇ ದಿನ ಲ್ಯಾಬಿನ ಮೆಹಜಬೀನ್ ಮೇಡಂ
ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.
"ನೀನೇ ನೋಡು ಹೊನ್ನೂರಮ್ಮ."
ಗುಲಾಬಿ ಬಯಲು. ನೇರಳೆ ಚುಕ್ಕಿ.
ಸೀಳಿನೊಳಕ್ಕೆ ಬಾಗಿದ ಒಂದು ಎಲೆ, ಅದರ ಪಕ್ಕ ಇನ್ನೊಂದು.
"ಫಿಲೋಡ್ಸ್ ಅಂತಾರೆ. ಎಲೆಯಂಥದ್ದು ಅಂತ.
ನೂರರಲ್ಲಿ ಒಂದೂ ಸಿಗಲ್ಲ ಇಂಥದು."

ಅದಿರಿನ ಧೂಳು ಕೂತು
ಬೇವು ಕೂಡ ಕೆಂಪಾಗಿ ನಿಂತ ಊರಿನಲ್ಲಿ
ಚಿಗುರಲು ಇದಕ್ಕೆ ಸಿಕ್ಕಿದ್ದು ನಾನೊಬ್ಬಳೇ?

"ಕ್ಯಾನ್ಸರೇನ್ರಿ?"
"ಹೌದು ಅನ್ನೋಕಾಗಲ್ಲ, ಅಲ್ಲ ಅಂತ ಬಿಡೋಕೂ ಆಗಲ್ಲ.
ನಡುವಿನದು. ಬಾರ್ಡರ್‌ಲೈನ್."
ನಗು ಬಂತು, ಬರಬಾರದಿತ್ತು.
ಬಾರ್ಡರು ನಮಗೆ ಹೊಸದೇ?
ಮನೆಯಲ್ಲಿ ತೆಲುಗಿನಲ್ಲಿ ಬೈಸಿಕೊಂಡು
ರೇಷನ್ ಅಂಗಡಿಯಲ್ಲಿ ಕನ್ನಡದಲ್ಲಿ ಜಗಳ ಮಾಡುವವರು,
ಬಸ್ಸು ಅರ್ಧ ಗಂಟೆ ಓಡಿದರೆ
ಬೋರ್ಡಿನ ಅಕ್ಷರ ಬದಲಾಗುವ ಊರವರು.
ಆದರೆ ಗಡಿಯೇ ಮೈಯೊಳಗೆ ಬಂದು ಕೂತರೆ
ಯಾವ ಭಾಷೆಯಲ್ಲಿ ಅಳುವುದು?

ಆಪರೇಷನ್ನಿನ ಬೆಳಿಗ್ಗೆ ಸರ್ಜನ್ ಪೆನ್ನಿನಿಂದ ಗೀಟು ಎಳೆದರು,
ನಮ್ಮ ಕಟಿಂಗ್ ಮಾಸ್ತರ ಸೀಮೆಸುಣ್ಣದ ಹಾಗೇ, ಕೈ ನಡುಗದೆ.
"ಗಡ್ಡೆಯಷ್ಟೇ ತೆಗೆದರೆ ಮತ್ತೆ ಚಿಗುರ್ತದೆ.
ಸುತ್ತ ಒಂದು ಸೆಂಟಿಮೀಟರ್ ಒಳ್ಳೇದನ್ನೂ ಸೇರಿಸಿ ತೆಗೀಬೇಕು."
ಗೊತ್ತು ಸರ್, ಮಾರ್ಜಿನ್ನು.
ನಾವು ಹೊಲಿಗೆಗೆ ಅಂತ ಒಳಗೆ ಬಿಡುತ್ತೇವೆ,
ನೀವು ಹೊರಗೆ ಒಯ್ಯುತ್ತೀರಿ.
ಮಾರ್ಜಿನ್ ಇಲ್ಲದ್ದು ಮೊದಲ ಒಗೆತಕ್ಕೇ ಬಿಚ್ಚುತ್ತದೆ,
ಇಬ್ಬರದೂ.

ಅಂಚೆಲ್ಲ ಸ್ವಚ್ಛ ಅಂತ ಎರಡನೇ ರಿಪೋರ್ಟು ಬಂತು.
ಕರೆಂಟು ಇಡಲಿಲ್ಲ. ಕೂದಲು ಉದುರಲಿಲ್ಲ.
ಅದಕ್ಕೇ ನೋಡಲು ಬಂದವರಿಗೆ ಅನುಮಾನ:
"ಹಂಗಾದ್ರೆ ಅದು ಅದಲ್ಲ ಬಿಡು."
ಆರು ತಿಂಗಳಿಗೊಮ್ಮೆ ಬಾ ಅಂತ ಕಾರ್ಡು ಕೊಟ್ಟಿದ್ದಾರೆ,
ನನ್ನ ಉಗುರಿನ ನೀಲಿ ಹತ್ತಿ ತಾರೀಖು ಮಸುಕಾಗಿದೆ.
ಆ ಎಲೆ, ಕೇಳಿದೆ, ಎಲ್ಲಿ ಹೋಯಿತು ಅಂತ.
ಮೇಣದ ಬಿಲ್ಲೆಯಲ್ಲಿ, ಲ್ಯಾಬಿನ ಕಪಾಟಿನಲ್ಲಿ,
ನಂಬರು ಹಾಕಿ ಇಟ್ಟಿದ್ದಾರಂತೆ.
ನೀರು ತಲುಪುವುದಿಲ್ಲ ಅಲ್ಲಿಗೆ.

ನಿನ್ನೆ ಕರೆಂಟು ಹೋಗುವ ಮುಂಚೆ
ನನ್ನದೇ ಹಳೇ ರವಿಕೆ ಬಿಚ್ಚಿ
ಎಡಗಡೆಯ ಟಕ್ಸು ಅರ್ಧ ಇಂಚು ಹೆಚ್ಚು ಹಿಡಿದೆ.
ಮಿಕ್ಕ ಬಟ್ಟೆ ಕತ್ತರಿಸಲಿಲ್ಲ, ಒಳಗೇ ಮಡಚಿದೆ.
ರಾಜಮಾಬೀ ಕತ್ತರಿ ಹಿಡಿದೇ ನಿಂತಿದ್ದಳು.
"ಇದ್ಯಾಕೆ ಉಳಿಸ್ಕೊಂಡಿ?"
ಇರಲಿ ಅಂದೆ, ಹೊಲಿಗೆಗೆ.